ಮಗಳಿಗೊಂದು ಪತ್ರ: ಮುಖಕ್ಕೆ ಕೊಬ್ಬು ತುಂಬಿಸಿಕೊಳ್ಳುವ ಮುಂಚೆ

ಪುಟ್ಟಿ,

ಹೊಟ್ಟೆಯಿಂದ ತೆಗೆದ ನಿನ್ನದೇ ಕೊಬ್ಬನ್ನು ಹಣೆಗೆ, ಹುಬ್ಬಿನ ನಡುವೆ ತುಂಬುತ್ತಾರೆ, ಹಾಗಾಗಿ ಅಪಾಯವಿಲ್ಲ ಅಂತ ಬರೆದಿದ್ದೀಯ. ನಿನ್ನದೇ ಆದ್ದರಿಂದ ಮೈಗೆ ಒಗ್ಗುತ್ತದೆ, ಸರಿ. ರಕ್ತನಾಳದೊಳಗೆ ಹೋದರೆ ಮಾತ್ರ ಅದು ಯಾರ ಕೊಬ್ಬಾದರೂ ಒಂದೇ. ಹಾಗಾಗುವುದು ಅಪರೂಪ, ಆದರೆ ಆದಾಗ ಹೋಗುವುದು ಕಣ್ಣು.

ಹುಬ್ಬಿನ ನಡುವೆ, ಹಣೆಯಲ್ಲಿ, ಮೂಗಿನ ಮೇಲೆ ಹರಿಯುವ ಸಣ್ಣ ಅಪಧಮನಿಗಳು ಒಳಗೆ ಕಣ್ಣಿನ ಅಪಧಮನಿಗೆ ಕೂಡಿಕೊಂಡಿವೆ. ಅದು ಕವಲೊಡೆಯುವುದು ಮಿದುಳಿಗೆ ಹೋಗುವ ದೊಡ್ಡ ಅಪಧಮನಿಯಾದ ಕೆರೋಟಿಡ್‌ನಿಂದ. ಸೂಜಿಯ ತುದಿ ನಾಳ ಹೊಕ್ಕಿರುವಾಗ ಸಿರಿಂಜನ್ನು ಜೋರಾಗಿ ಒತ್ತಿದರೆ, ಆ ಒತ್ತಡ ರಕ್ತದೊತ್ತಡವನ್ನು ಮೀರಿ ಕೊಬ್ಬನ್ನು ಹಿಮ್ಮುಖವಾಗಿ ನೂಕುತ್ತದೆ. ಬೆರಳು ಸಡಿಲಿಸಿದೊಡನೆ ರಕ್ತದ ಹರಿವು ಅದನ್ನು ಎಳೆದೊಯ್ದು ಕಣ್ಣಿನ ಒಳಗಿನ ನೋಡುವ ಪದರವಾದ ರೆಟಿನಾದ ನಾಳದಲ್ಲಿ ಸಿಕ್ಕಿಸುತ್ತದೆ. ಕೆರೋಟಿಡ್‌ವರೆಗೂ ಹೋಗಿದ್ದರೆ ಪಾರ್ಶ್ವವಾಯು. ಹುಬ್ಬಿನಿಂದ ಕಣ್ಣಿನ ಹಿಂಭಾಗದವರೆಗಿನ ನಾಳ ತುಂಬಲು ಸುಮಾರು 0.1 ಮಿ.ಲೀ. ಸಾಕು! ಕೊಬ್ಬಿನ ಬದಲು ತುಂಬುವ ಹಯಲುರೊನಿಕ್ ಆಸಿಡ್ ಜೆಲ್ (ಫಿಲ್ಲರ್) ಆದರೆ ಕರಗಿಸಲು ಹಯಲುರೊನಿಡೇಸ್ ಎಂಬ ಔಷಧ ಇದೆ. ಕೊಬ್ಬಿಗೆ ಅಂಥ ಔಷಧವಿಲ್ಲ, ಅದರ ತುಣುಕುಗಳೂ ದಪ್ಪ. ಹೋದ ದೃಷ್ಟಿ ಮರಳುವುದು ಕಷ್ಟ.

ಹುಬ್ಬಿನ ನಡುವೆ ಮತ್ತು ಮೂಗಿಗೆ ಬೇಡವೇ ಬೇಡ ಅನ್ನುತ್ತೇನೆ. ಕಣ್ಣು-ಕಿವಿಗಳ ನಡುವಿನ ಕಣತಲೆಯಲ್ಲೂ ಎಚ್ಚರ, ಅಲ್ಲಿ ರಕ್ತವನ್ನು ಹೃದಯಕ್ಕೆ ಒಯ್ಯುವ ದಪ್ಪ ಸಿರೆಯೊಂದಿದೆ; ಅದರೊಳಗೆ ಹೊಕ್ಕ ಕೊಬ್ಬು ಹೃದಯದ ಮೂಲಕ ಶ್ವಾಸಕೋಶ ಸೇರುತ್ತದೆ.

ಬೇರೆ ಜಾಗಕ್ಕಾದರೂ ವೈದ್ಯರನ್ನು ಕೇಳು: ಚೂಪು ಸೂಜಿಯೋ, ಮೊಂಡು ತುದಿಯ ಕೊಳವೆಯಾದ ಕ್ಯಾನುಲಾವೋ? ಕ್ಯಾನುಲಾವೇ ಬೇಕು, ತೀರ ಸಪೂರವಾದದ್ದು ಬೇಡ, ಅದು ನಾಳವನ್ನು ಚುಚ್ಚಬಲ್ಲದು. ಸಿರಿಂಜ್ 1 ಮಿ.ಲೀ.ಯದು. ಒಂದೊಂದು ಸಲಕ್ಕೆ 0.1 ಮಿ.ಲೀ.ಗಿಂತ ಕಡಿಮೆ, ಅದೂ ಕ್ಯಾನುಲಾ ಹಿಂದಕ್ಕೆ ಎಳೆಯುತ್ತಾ, ನಿಧಾನವಾಗಿ. ನಾಳಗಳು ಕುಗ್ಗಲೆಂದು ಮೊದಲೇ ಅಡ್ರಿನಲಿನ್ ಬೆರೆಸಿದ ಅರಿವಳಿಕೆ ಕೊಡುತ್ತಾರೋ ಕೇಳು. ಪಿಸ್ಟನ್ ಎಳೆದು ನೋಡಿದಾಗ ರಕ್ತ ಬರಲಿಲ್ಲ ಅನ್ನುವುದನ್ನು ನಂಬಬೇಡ, ಸಿರಿಂಜಿನಲ್ಲಿ ಗಟ್ಟಿ ಕೊಬ್ಬಿರುವಾಗ ರಕ್ತ ಕಾಣದೇ ಇರಬಹುದು. ಎಚ್ಚರವಾಗಿರುವಂತೆಯೇ ಮಾಡಲಿ, ಪೂರ್ತಿ ಮಂಪರಿನಲ್ಲಿದ್ದರೆ ಕಣ್ಣು ಮಂಜಾಯಿತು ಅಂತ ಹೇಳುವವರು ಯಾರು?

ಥಟ್ಟನೆ ಕಣ್ಣು ನೋವು, ದೃಷ್ಟಿ ಮಂಜು, ರೆಪ್ಪೆ ಜೋಲುವುದು, ವಾಂತಿ, ಚರ್ಮ ಬಿಳಿಚಿ ಆಮೇಲೆ ನೀಲಿ ಜಾಲ ಕಾಣುವುದು, ಮಾತು ತೊದಲುವುದು, ಒಂದು ಕೈ ಸೋಲುವುದು: ಇವುಗಳಲ್ಲಿ ಒಂದಾದರೂ ಬಂದರೆ ಆ ಕ್ಷಣವೇ ಇಂಜೆಕ್ಷನ್ ನಿಲ್ಲಿಸಬೇಕು. "ಸ್ವಲ್ಪ ಕಾದು ನೋಡೋಣ" ಅಂದರೆ ಒಪ್ಪಬೇಡ. ರಕ್ತ ನಿಂತ ರೆಟಿನಾ ಒಂದೂವರೆ ಗಂಟೆಯೊಳಗೇ ಸಾಯತೊಡಗುತ್ತದೆ. ನೇತ್ರತಜ್ಞರೂ ಪಾರ್ಶ್ವವಾಯು ಚಿಕಿತ್ಸೆಯೂ ಒಟ್ಟಿಗಿರುವ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ನಿಮಿಷ ಅನ್ನುವುದನ್ನು ದಿನ ಗೊತ್ತುಮಾಡುವ ಮುಂಚೆಯೇ ಕೇಳಿಕೊಂಡು ನನಗೆ ಬರೆ.

ಅಮ್ಮ