ಕಾಲುಸೇತುವೆ ಸೋಮವಾರದಿಂದ ಬಂದ್

ಎಲ್ಲರಿಗೂ ನಮಸ್ಕಾರ. ನಮ್ಮ ರಾಜಕಾಲುವೆ ಮೇಲಿನ ಹಳೇ ಕಾಲುಸೇತುವೆ ಸೋಮವಾರ ಬೆಳಿಗ್ಗೆಯಿಂದ ಬಂದ್. ಕೆಡವಿ ಹೊಸದು ಹಾಕುತ್ತಾರೆ. ನಿನ್ನೆ ಹೋಗಿ ನೋಡಿದೆ, ಮಧ್ಯದ ತಗಡು ತುಕ್ಕು ಹಿಡಿದು ಅಂಗೈ ಅಗಲ ತೂತಾಗಿದೆ, ಕೆಳಗಿನ ಕಪ್ಪು ನೀರು ಕಾಣುತ್ತದೆ. ಮಕ್ಕಳು ಅದರ ಮೇಲೇ ಓಡ್ತಾರೆ, ಭಯ ಆಗುತ್ತೆ ಅಲ್ವಾ? ಶಾಂತಿನಗರದ ಕಡೆಯಿಂದ ಬೆಳ್ಳಂದೂರು ಕೆರೆಗೆ ಹೋಗುವ ನೀರೆಲ್ಲ ಇಲ್ಲೇ ಹಾಯುವುದು, ಜೋರು ಮಳೆಗೆ ಸೇತುವೆಗೇ ತಾಗುತ್ತದೆ, ಅದಕ್ಕೇ ಹೊಸದನ್ನು ಎತ್ತರಿಸಿ ಕಟ್ಟಿ ಅಂತ ಕೇಳಿದ್ದೇವೆ.

ಅಲ್ಲಿವರೆಗೂ ಮುಖ್ಯರಸ್ತೆ ಸೇತುವೆ ಸುತ್ತಿ ಹೋಗಿ, 10 ನಿಮಿಷ ಜಾಸ್ತಿ. ಹಲಗೆ ಹಾಕಿಕೊಂಡು ದಾಟಬೇಡಿ ದಯವಿಟ್ಟು. ಪಕ್ಕದಲ್ಲಿ ನಿಲ್ಲಿಸಿರುವ ಗಾಡಿಗಳನ್ನು ಭಾನುವಾರ ರಾತ್ರಿಯೊಳಗೆ ತೆಗೆಯಿರಿ, ಕ್ರೇನ್ ಬರಬೇಕು. ಬೆಳಿಗ್ಗೆ 8ಕ್ಕೆ ಶಾಲೆ ಮಕ್ಕಳ ಜೊತೆ ಸುತ್ತಿ ಹೋಗಲು ಇಬ್ಬರು ದೊಡ್ಡವರು ಬೇಕು. ಯಾರು ಬರ್ತೀರಿ, ಇಲ್ಲೇ ಹೇಳಿ.