ನಂಬಿ ಹೇಳಿಕೊಂಡಿದ್ದಕ್ಕೆ ಟಿ.ಸಿ.ಯೇ?

ಮಾನ್ಯ ಸಂಪಾದಕರೇ,

ಬುಧವಾರದ ಪತ್ರಿಕೆಯಲ್ಲಿ ನಮ್ಮ ಬಡಾವಣೆಯ ಪಿಯು ಕಾಲೇಜಿನ ಸುದ್ದಿ ಓದಿದೆ. ‘ಗಾಂಜಾ ಸೇದುತ್ತಿದ್ದ ವಿದ್ಯಾರ್ಥಿಗಳು ಪತ್ತೆ’ ಎಂದು ಬರೆದಿದ್ದೀರಿ. ಪತ್ತೆ ಮಾಡಿದ್ದು ಯಾರು ಸ್ವಾಮಿ? ಅವರಲ್ಲಿ ಒಬ್ಬ ನನ್ನ ತಂಗಿಯ ಮಗ, ಹದಿನೇಳು ವರ್ಷ. ಅವನೇ ಮೆಂಟರ್ (ಮಕ್ಕಳ ಕಷ್ಟ ಕೇಳಲು ಕಾಲೇಜು ನೇಮಿಸಿದ ಮೇಷ್ಟ್ರು) ಹತ್ತಿರ ಹೋಗಿ ‘ಸಾರ್, ಬಿಡೋಕೆ ಆಗ್ತಿಲ್ಲ, ಮನೇಲಿ ಹೇಳೋಕೆ ಭಯ’ ಅಂದಿದ್ದಾನೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಸ್ಟಾಫ್ ರೂಮಿಗೆಲ್ಲ ಗೊತ್ತು. ಸಂಜೆಗೆ ಹುಡುಗರ ವಾಟ್ಸ್ಆ್ಯಪ್ ಗ್ರೂಪಿಗೂ ಗೊತ್ತು. ಮರುದಿನ ಟಿ.ಸಿ. ತೆಗೆದುಕೊಂಡು ಹೋಗಿ ಎಂದು ಫೋನ್.

ಹುಡುಗನ ಅಪ್ಪ ಊರಲ್ಲಿಲ್ಲ. ನಾನೇ ರಜೆ ಹಾಕಿ ಎರಡು ಬಸ್ ಬದಲಿಸಿ ಹೋದೆ. ಹತ್ತು ಗಂಟೆಯಿಂದ ಒಂದೂವರೆವರೆಗೆ ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತೆ. ಕೂರಲು ಒಂದು ಬೆಂಚೂ ಇಲ್ಲ. ಒಳಗೆ ಕರೆದ ಮೇಲೆ ಐದೇ ನಿಮಿಷ, ಅದೂ ಬರೀ ಬೈಗುಳ. ಹೀಗೆ ಮೂರು ದಿನ ಅಲೆದೆ, ಸಂಬಳವೂ ಹೋಯಿತು. ಸೆಕೆಂಡ್ ಪಿಯು ಮಧ್ಯದಲ್ಲಿ ಬೇರೆ ಯಾರು ಸೇರಿಸಿಕೊಳ್ಳುತ್ತಾರೆ? ತಂಗಿ ಸರಿಯಾಗಿ ಊಟ ಮಾಡುತ್ತಿಲ್ಲ. ಹುಡುಗ ಕೋಣೆ ಬಿಟ್ಟು ಬರುತ್ತಿಲ್ಲ. ‘ಮಾಮ, ಹೇಳಿದ್ದೇ ತಪ್ಪಾಯ್ತು’ ಅಂತಾನೆ. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೆಂಟರ್ ಅನ್ನಿಸಿಕೊಂಡವರು ಅವನನ್ನು ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಬೇಕಿತ್ತು. ಎಷ್ಟು ದಿನದಿಂದ, ಬೇರೆ ಏನಾದರೂ ತಗೋತೀಯಾ, ಯಾರು ಕೊಡ್ತಾರೆ, ಸಾಯಬೇಕು ಅನ್ನಿಸುತ್ತಾ ಅಂತ ಮೆಲ್ಲಗೆ ಕೇಳಬೇಕಿತ್ತು. ಯಾರಿಗೂ ಹೇಳಲ್ಲ ಅಂತ ಸುಮ್ನೆ ಮಾತು ಕೊಡಿ ಎನ್ನುತ್ತಿಲ್ಲ. ‘ಮನೆಗೆ ತಿಳಿಸಲೇಬೇಕು, ಜೊತೆಗೆ ನಾನೂ ಬರ್ತೀನಿ’ ಅಂದಿದ್ದರೆ ಸಾಕಿತ್ತು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಚಟ ಬಿಡಿಸಲೆಂದೇ 14446 ಸಹಾಯವಾಣಿ ಇದೆ. ನಿಮ್ಹಾನ್ಸ್‌ನಲ್ಲಿ ಇದಕ್ಕೆ ಬೇರೆ ವಿಭಾಗವೇ ಇದೆ. ಇದೆಲ್ಲ ನನಗೆ ಗೊತ್ತಾಗಿದ್ದು ಈ ವಾರ, ಪಕ್ಕದ ಮನೆಯ ನರ್ಸ್ ಹೇಳಿ. ಪ್ರತಿ ಜೂನ್ 26ಕ್ಕೆ, ಮಾದಕ ವಸ್ತು ವಿರೋಧಿ ದಿನ ಎಂದು, ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸುವವರಿಗೆ ಮೊದಲೇ ಗೊತ್ತಿರಬೇಕಿತ್ತು, ಅಲ್ವಾ?

ಇನ್ನು ಗಾಂಜಾ ಕೊಟ್ಟವನ ಸುದ್ದಿಯನ್ನೇ ಯಾರೂ ಎತ್ತುತ್ತಿಲ್ಲ. ಮಕ್ಕಳಿಗೆ ಮಾದಕ ವಸ್ತು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು. ಕಾಲೇಜಿನ ಸುತ್ತ 100 ಮೀಟರ್ ಒಳಗೆ ಸಿಗರೇಟು ಕೂಡ ಮಾರಬಾರದು. ಗೇಟ್ ಎದುರಿನ ಗೂಡಂಗಡಿ ಮಾತ್ರ ಹಾಗೇ ಇದೆ. ಕಾಲೇಜಿನ ಹಿಂದಿರುವ ಪಾರ್ಕಿನ ದೀಪ ಕೆಟ್ಟು ಎರಡು ವರ್ಷವಾಯಿತು. ಪಾಲಿಕೆಗೆ ನಾನೇ ನಾಲ್ಕು ಅರ್ಜಿ ಕೊಟ್ಟೆ. ಕೊನೆಗೆ ‘ಕಂಬ ನಮ್ಮದಲ್ಲ’ ಅಂದರು. ವಾರ್ಡಿನ ಸದಸ್ಯರು ಓಟಿನ ಮೇಲೆ ಈ ಕಡೆ ತಲೆ ಹಾಕಿಲ್ಲ.

ಆ ಟಿ.ಸಿ. ವಾಪಸ್ ತೆಗೆದುಕೊಳ್ಳಲಿ. ಮಕ್ಕಳ ಮಾತು ಕೇಳುವುದನ್ನು ಮೇಷ್ಟ್ರುಗಳಿಗೆ ಯಾರಾದರೂ ಕಲಿಸಲಿ. ಗೂಡಂಗಡಿ ಎತ್ತಿಸಲಿ, ಪಾರ್ಕಿಗೆ ದೀಪ ಹಾಕಲಿ. ಇಷ್ಟು ಜನ ಅಧಿಕಾರಿಗಳು ಇದ್ದೂ ಏನು ಮಾಡುತ್ತಿದ್ದಾರೆ?

– ಹುಡುಗನ ಸೋದರಮಾವ