ಕೈಗಾಕ್ಕೆ ಹೊರಟ ಅಳಿಯನಿಗೆ

ಉಡುಪಿ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದ.

ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ಅಕ್ಕ ಫೋನ್ ಮಾಡಿದ್ದಳು. ತುಂಬಾ ಖುಷಿಯಾಯಿತು. ಅವಳಿಗೆ ಒಳಗೊಳಗೇ ಹೆದರಿಕೆ ಉಂಟು. ಹೆದರಬೇಕಾಗಿಲ್ಲ ಎಂದೆ. ಆದರೆ ವಿಕಿರಣ ವಸ್ತುಗಳಿಂದ ರೋಗ ಪತ್ತೆ, ಚಿಕಿತ್ಸೆ ಮಾಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲೇ ದುಡಿದು ನಿವೃತ್ತನಾದವನು ನಾನು. ನಿನಗೊಂದು ಮಾತು ಹೇಳಲೇಬೇಕು.

ಅಪ್ಪಿತಪ್ಪಿ ವಿಕಿರಣ ವಸ್ತು ಬಾಯಿಗೆ ಹೋಯಿತು ಎಂಬ ಸಂಶಯ ಬಂದರೂ ಸಾಕು, ಆಗಲೇ ಹೇಳಿಬಿಡು. ಮೇಲಿನವರು ಬೈದಾರು ಎಂದು ಸುಮ್ನೆ ಇರಬೇಡ. ನಮ್ಮ ಕಡೆ ಮಾಡುವ ಹಾಗೆ ಉಪ್ಪುನೀರು ಕುಡಿದು ವಾಂತಿ ಮಾಡಲಿಕ್ಕೂ ಹೋಗಬೇಡ ಮಾರಾಯ.

ಇದಕ್ಕೆಲ್ಲ ಒಂದೇ ಮದ್ದು ಇಲ್ಲ. ಹೋದದ್ದು ಯಾವುದು, ಎಷ್ಟು ಹೊತ್ತಾಯಿತು ಎಂದು ಗೊತ್ತಾದರೆ ಮಾತ್ರ ಡಾಕ್ಟರ್ ಸರಿಯಾದದ್ದು ಕೊಡಬಹುದು. ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಎಲ್ಲದಕ್ಕೂ ಆಗುತ್ತದೆ ಎಂದು ಜನ ತಿಳಿದಿದ್ದಾರೆ. ಅದು ಕಾಯುವುದು ಥೈರಾಯ್ಡನ್ನು ಮಾತ್ರ, ಅದೂ ವಿಕಿರಣ ಅಯೋಡಿನ್‌ನಿಂದ. ತಡವಾದಷ್ಟೂ ಪ್ರಯೋಜನ ಕಡಿಮೆ.

ಸೀಸಿಯಂ ಎಂಬ ಲೋಹದ ವಿಕಿರಣ ರೂಪ ಮೈಗೆ ಹೊಕ್ಕರೆ ಪ್ರಷ್ಯನ್ ಬ್ಲೂ ಕ್ಯಾಪ್ಸೂಲ್. ಚಿತ್ರ ಬಿಡಿಸುವವರ ಅದೇ ನೀಲಿ ಬಣ್ಣ, ಆದರೆ ಔಷಧಕ್ಕೆಂದೇ ಶುದ್ಧವಾಗಿ ತಯಾರಿಸಿದ್ದು. ಸೀಸಿಯಂ ರಕ್ತದಿಂದ ಕರುಳಿಗೆ ಇಳಿದು ಮತ್ತೆ ರಕ್ತಕ್ಕೇ ಸೇರುತ್ತಿರುತ್ತದೆ. ಈ ನೀಲಿ ಪುಡಿ ಕರುಳಿನಲ್ಲೇ ಅದನ್ನು ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಮೈಯಲ್ಲಿರುವುದು ಅರ್ಧಕ್ಕಿಳಿಯಲು ಸುಮಾರು 110 ದಿನ ಬೇಕಾದದ್ದು 30 ದಿನಕ್ಕೆ ಬರುತ್ತದೆ. ದೊಡ್ಡವರಿಗೆ 3 ಗ್ರಾಂನಂತೆ ದಿನಕ್ಕೆ ಮೂರು ಸಲ. ಮಲ ನೀಲಿಯಾಗುತ್ತದೆ, ಮಲಬದ್ಧತೆಯೂ ಆಗಬಹುದು. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ಗುಜರಿಯವರ ಕೈಗೆ ಸಿಕ್ಕ ಸೀಸಿಯಂ ಮನೆಮನೆಗೆ ಹರಡಿದಾಗ 46 ಮಂದಿಗೆ ಇದನ್ನೇ ಕೊಟ್ಟರು. ಆ ಪುಡಿ ಹತ್ತಿದ ಕೈಯಲ್ಲೇ ತಿಂದ ಆರು ವರ್ಷದ ಹುಡುಗಿಯೂ ಸೇರಿ ನಾಲ್ವರು ಉಳಿಯಲಿಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ. ಕೈ ತೊಳೆಯದೆ ತುತ್ತು ಬಾಯಿಗಿಡಬೇಡ ಕಣಪ್ಪ.

ನಿನ್ನ ಕೆಲಸದಲ್ಲಿ ಜಾಸ್ತಿ ಎದುರಾಗುವುದು ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಹೈಡ್ರೋಜನ್, ಅಲ್ವಾ? ಕೈಗಾದ್ದು ಭಾರಜಲದ ರಿಯಾಕ್ಟರು, ಆ ಭಾರಜಲದಲ್ಲೇ ಟ್ರಿಟಿಯಂ ಹುಟ್ಟುವುದು. 2009ರ ನವೆಂಬರಿನಲ್ಲಿ ಅಲ್ಲಿಯ ಕುಡಿಯುವ ನೀರಿನ ಕೂಲರಿಗೇ ಟ್ರಿಟಿಯಂ ಸೇರಿ ಹಲವರ ಹೊಟ್ಟೆಗೆ ಹೋಗಿತ್ತು. ಅದು ನೀರಿನಂತೆಯೇ ಮೈಯೆಲ್ಲ ಹರಡುತ್ತದೆ, ಸುಮಾರು 10 ದಿನಕ್ಕೆ ಅರ್ಧ ತಾನಾಗಿಯೇ ಹೋಗುತ್ತದೆ. ಡಾಕ್ಟರ್ ಹೇಳಿದಷ್ಟು ನೀರು ಜಾಸ್ತಿ ಕುಡಿದರೆ ಇನ್ನೂ ಬೇಗ ಹೋಗುತ್ತದೆ. ಆವತ್ತು ಅದು ಗೊತ್ತಾದದ್ದು ಮಾಮೂಲಿ ಮೂತ್ರ ಪರೀಕ್ಷೆಯಿಂದ. ಅದಕ್ಕೇ ಹೇಳುವುದು, ಸ್ಯಾಂಪಲ್ ಕೊಡುವ ದಿನ ರಜೆ ಹಾಕಿ ಊರಿಗೆ ಓಡಿ ಬರಬೇಡ. ಕೊಟ್ಟು, ಮರುದಿನ ಬಾ.

ನಿನ್ನ ಮಾವ